ಆರು ಸ್ಟೇಷನ್ನಿನ ಬೀಗ

ನಂಜುಂಡನಿಗೆ ದೋಷ ಹುಡುಕುವುದು ಹೊಟ್ಟೆಪಾಡು, ದೋಸೆ ಹುಡುಕುವುದು ಹವ್ಯಾಸ. ಎರಡನ್ನೂ ಅವನು ಮೂವತ್ತಾರು ವರ್ಷ ಒಂದೇ ಶ್ರದ್ಧೆಯಿಂದ ಮಾಡಿದ. ವಿಕ್ರೋಳಿಯ ಕಂಪನಿಯೊಂದರಲ್ಲಿ ಅವನ ಹುದ್ದೆಯ ಹೆಸರು ಐದು ಸಲ ಬದಲಾಯಿತು, ಕೆಲಸ ಬದಲಾಗಲಿಲ್ಲ. ಬೇರೆಯವರು ಬರೆದ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕುವುದು, ಅದು ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡುವುದು, ಮುಗ್ಗರಿಸಿದ ಜಾಗವನ್ನು ಬರೆದವರಿಗೇ ತೋರಿಸಿ ಅವರ ಮುಖ ಸಪ್ಪೆ ಮಾಡುವುದು. ಸಹೋದ್ಯೋಗಿಗಳು ಅವನನ್ನು ಮನೆಯ ಮದುವೆಗಳಿಗೆ ಕರೆಯುತ್ತಿದ್ದರು, ಅಡುಗೆ ಹೇಗಿತ್ತೆಂದು ಮಾತ್ರ ಕೇಳುತ್ತಿರಲಿಲ್ಲ.

ನಂಜನಗೂಡಿನಿಂದ ಅವನು ಬೊಂಬಾಯಿಗೆ ಬಂದದ್ದು ಎಂಬತ್ತೇಳರಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ. ಆಂಟಾಪ್ ಹಿಲ್‌ನ ಒಂದು ಕೋಣೆಯಲ್ಲಿ ನಾಲ್ವರು. ನಾಲ್ವರಿಗೂ ಸೇರಿ ಒಂದು ಟೇಬಲ್ ಫ್ಯಾನು, ಅದು ಯಾರ ಕಡೆ ಮುಖ ಮಾಡಬೇಕೆಂಬುದಕ್ಕೆ ವಾರದ ಪಾಳಿ. ಬೆಳಗಾದರೆ ಮಾಟುಂಗದ ತನಕ ನಡೆದು, ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿದು, ವಿಕ್ರೋಳಿಯ ಕಡೆಗೆ ಸ್ಲೋ ಲೋಕಲ್ ಹತ್ತಬೇಕು. ಆ ಹೋಟೆಲಿನ ಸಪ್ಲೈಯರ್ ಕಾರ್ಕಳದ ಪೂವಪ್ಪ. ಒಂದು ಕೈಯಲ್ಲಿ ಆರು ಲೋಟ ಹಿಡಿದು, ಇನ್ನೊಂದು ಕೈಯಿಂದ ಮೇಜು ಒರೆಸುತ್ತ, ಬಾಯಲ್ಲಿ ನಾಲ್ಕು ಮೇಜಿನ ಆರ್ಡರು ಕೂಗುವ ಮನುಷ್ಯ. ಕೆಲಸಕ್ಕೆ ಸೇರಿದ ಮೂರನೆಯ ದಿನ ನಂಜುಂಡ ರೈಲಿನಲ್ಲಿ ನಿದ್ದೆ ಹೋಗಿ, ಎಚ್ಚರಾದಾಗ ಮುಲುಂಡ್ ಬಂದಿತ್ತು. ಮರುದಿನ ಬೆಳಿಗ್ಗೆ ಆ ಸಂಗತಿಯನ್ನು ಅವನು ಹೇಳಿಕೊಂಡದ್ದು ಪೂವಪ್ಪನವರಿಗೆ ಮಾತ್ರ. ಬೊಂಬಾಯಿಯಲ್ಲಿ ಅವನಿಗೆ ಕನ್ನಡದಲ್ಲಿ ಪರಿಚಯವಿದ್ದ ಏಕೈಕ ಹಿರಿಯರು ಅವರು.

"ಮುಲುಂಡಲ್ಲಿ ಎಂತ ಉಂಟು ಮಾರಾಯ್ರೆ, ಹೆಣ್ಣು ನೋಡ್ಲಿಕ್ಕೆ ಹೋದದ್ದಾ?"

"ನಿದ್ದೆ ಬಂದ್ಬಿಡ್ತು."

"ನಿದ್ದೆ ಮಾಡಿ, ಬೇಡ ಹೇಳುದಿಲ್ಲ. ಬಾಯಿ ಮಾತ್ರ ಎಚ್ಚರ ಇರ್ಬೇಕು. ಹೇಳಿ ನೋಡುವ. ಮಾಟುಂಗ, ಸಾಯನ್, ಕುರ್ಲಾ, ವಿದ್ಯಾವಿಹಾರ, ಘಾಟ್ಕೋಪರ್, ವಿಕ್ರೋಳಿ. ಆರೇ ಆರು. ಆರನೇದಕ್ಕೆ ಇಳ್ದು ಬಿಡುದು."

ಒಂದು ತಿಂಗಳು ನಂಜುಂಡ ದಿನಾ ಬೆಳಿಗ್ಗೆ ಆರು ಹೆಸರು ಒಪ್ಪಿಸಿದ. ಒಪ್ಪಿಸಿದ ಮೇಲೆಯೇ ಲೋಟ ಮೇಜಿಗೆ ಬರುತ್ತಿತ್ತು. ಆಮೇಲೆ ಒಪ್ಪಿಸುವುದು ನಿಂತಿತು, ಕಾಫಿ ನಿಲ್ಲಲಿಲ್ಲ.

ಎಷ್ಟೋ ವರ್ಷಗಳ ನಂತರ ಕಂಪನಿಯಲ್ಲಿ ಲಿನಕ್ಸ್ ಬಂತು. ಲಿನಕ್ಸ್ ಹಾಕುವಾಗಲೇ ಇಡೀ ಡಿಸ್ಕಿಗೆ ಬೀಗ ಹಾಕುವ ಏರ್ಪಾಡೂ ಬಂತು. ಹಾಕುವ ಹೊತ್ತಿಗೆ ಯಂತ್ರ ಒಂದು ಪಾಸ್‌ವರ್ಡು ಕೇಳುತ್ತದೆ. ಒಮ್ಮೆ ಕೊಟ್ಟರೆ ಸಾಲದು, ಮದುವೆಯ ಪ್ರಮಾಣದ ಹಾಗೆ ಇನ್ನೊಮ್ಮೆ ಹೇಳಿಸುತ್ತದೆ. ಆಮೇಲೆ ಡಿಸ್ಕಿನಲ್ಲಿರುವುದೆಲ್ಲ ಕಲಸಿಹೋಗಿ, ಪಾಸ್‌ವರ್ಡು ಗೊತ್ತಿಲ್ಲದವನ ಕಣ್ಣಿಗೆ ಗಸಗಸೆ ಚೆಲ್ಲಿದ ಹಾಗೆ ಕಾಣುತ್ತದೆ. ಮರೆತರೆ ಕಂಪನಿಗೆ ಫೋನು ಮಾಡಿ ಬಿಡಿಸಿಕೊಳ್ಳುವ ಹಾಗಿಲ್ಲ. ಬೀಗವೂ ಬೀಗರೂ ಒಂದೇ, ಒಮ್ಮೆ ಮುಖ ತಿರುಗಿಸಿದರೆ ಯಾರ ಶಿಫಾರಸೂ ನಡೆಯುವುದಿಲ್ಲ.

ಈ ಏರ್ಪಾಡನ್ನು ಪರೀಕ್ಷಿಸುವುದು ನಂಜುಂಡನ ಪಾಲಿಗೆ ಬಂತು. ಅಂಥ ಉದ್ದನೆಯ ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಲು ಅವನು ಕಂಡುಕೊಂಡ ಉಪಾಯ ಸುಲಭದ್ದು. ಕಣ್ಣು ಮುಚ್ಚುವುದು, ಆ ಬೆಳಿಗ್ಗೆ ಹತ್ತಿ ಬಂದ ಲೋಕಲನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಹತ್ತುವುದು, ಒಂದೊಂದು ಸ್ಟೇಷನ್ ಬಂದ ಹಾಗೆ ಅದರ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಒತ್ತುವುದು. ಇದರಲ್ಲಿ ನೆನಪಿನ ಪ್ರಶ್ನೆಯೇ ಇಲ್ಲ, ಇರುವುದು ಪ್ರಯಾಣ. ಹನ್ನೆರಡು ವರ್ಷ, ಸಾವಿರಾರು ಸಲ, ಆ ರೈಲು ಅವನಿಗೆ ಒಮ್ಮೆಯೂ ಕೈ ಕೊಡಲಿಲ್ಲ.

ನಿವೃತ್ತಿಯ ಹೊತ್ತಿಗೆ ಅವನಿಗೆ ವಿಕ್ರೋಳಿಯಲ್ಲೇ ಫ್ಲ್ಯಾಟು ಸಿಕ್ಕಿತು. ಕೆಲಸ ಅಲ್ಲಿದ್ದಷ್ಟು ಕಾಲ ಮನೆ ಆಂಟಾಪ್ ಹಿಲ್‌ನಲ್ಲಿ. ಮನೆ ಅಲ್ಲಿಗೆ ಬಂದಾಗ ಕೆಲಸವೇ ಇಲ್ಲ. ಮುಂಬಯಿ ಎರಡನ್ನೂ ಒಟ್ಟಿಗೆ ಕೊಡುವ ಊರಲ್ಲ. ಹಾಗಾಗಿ ಅವನು ಭಾನುವಾರಗಳಂದು ಅದೇ ಆರು ಸ್ಟೇಷನ್ನಿನ ಸರವನ್ನು ಇನ್ನೊಂದು ತುದಿಯಿಂದ ಜಪಿಸುತ್ತ ಮಾಟುಂಗಕ್ಕೆ, ಕನ್ನಡ ಸಂಘದ ವಾಚನಾಲಯಕ್ಕೆ ಬರತೊಡಗಿದ. ಅಲ್ಲಿಗೆ ಯಾರೋ ಪುಣ್ಯಾತ್ಮರು ಐದು ಹಳೆಯ ಕಂಪ್ಯೂಟರು ದಾನ ಮಾಡಿದ್ದರು. ಗೋದಾನದಲ್ಲಿ ಬರುವ ಹಸುವಿನ ಹಾಗೆ, ಐದರಲ್ಲಿ ಒಂದಕ್ಕೂ ಹಾಲಿರಲಿಲ್ಲ. ನಂಜುಂಡ ಒಂದೊಂದಾಗಿ ಲಿನಕ್ಸ್ ಹಾಕಿ ಎಬ್ಬಿಸಿ ನಿಲ್ಲಿಸಿದ.

ವಾಚನಾಲಯ ನೋಡಿಕೊಳ್ಳುತ್ತಿದ್ದವರು ಶಾಮಲಾ ಮೇಡಂ. ಬೆಂಗಳೂರಿನ ಮನೆತನ, ಮೂವತ್ತು ವರ್ಷ ವಡಾಲದ ಒಂದು ಕಾನ್ವೆಂಟಿನಲ್ಲಿ ಲೆಕ್ಕ ಕಲಿಸಿ ಬಿಟ್ಟವರು. ಮಾಟುಂಗದ ಹಳೆಯ ಹೋಟೆಲ್ ಕೆಲಸಗಾರರನ್ನು ಹಿಡಿದು ಕೂರಿಸಿ, ಅವರ ಬದುಕಿನ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿ, ತಮ್ಮ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಆ ಮುದುಕರು ಧಣಿಗಳ ವಿಷಯ, ಸಂಬಳದ ವಿಷಯ, ಯಾರು ಯಾರ ಮಗಳನ್ನು ಕಟ್ಟಿಕೊಂಡರೆಂಬ ವಿಷಯ ಎಲ್ಲವನ್ನೂ ಬಿಚ್ಚಿ ಹೇಳುತ್ತಿದ್ದರು, ಕಂಡವರ ಕಿವಿಗೆ ಬೀಳಬಾರದೆಂಬ ಕರಾರಿನ ಮೇಲೆ. ಪೂವಪ್ಪನವರೂ ಹೇಳಿದ್ದರು. ಎಂಬತ್ತನಾಲ್ಕು ವರ್ಷ, ಊರಿಗೆ ಹೊರಟು ನಿಂತಿದ್ದರು. ನಾನು ಮುಂಬಯಿ ಬಿಡುವ ತನಕ ಯಾರಿಗೂ ಕೇಳಿಸಬಾರದು, ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಬಾರದು ಎಂದು ಅವರ ಷರತ್ತು. ಬೀಗವಿರುವ ಕಂಪ್ಯೂಟರು ಬೇಕೆಂದು ಮೇಡಂ ಕೇಳಿದ್ದು ಅದಕ್ಕೇ.

ಬೀಗದ ಪರೀಕ್ಷೆ ಒಂದು ಭಾನುವಾರ ನಡೆಯಿತು. ನಂಜುಂಡನ ಪರೀಕ್ಷೆಯ ಹಾಳೆಯಲ್ಲಿ ಮೂರು ಕಾಲಂ: ಹೀಗೆ ಮಾಡಿದೆ, ಹೀಗಾಗಬೇಕಿತ್ತು, ಹೀಗಾಯಿತು. ಬೀಗ ಹಾಕಿ ಲಿನಕ್ಸ್ ಸ್ಥಾಪಿಸಿದ. ಮತ್ತೆ ಶುರು ಮಾಡಿದಾಗ ಕಪ್ಪು ಪರದೆ ಪಾಸ್‌ವರ್ಡು ಕೇಳಿತು, ಕೊಟ್ಟ, ತೆರೆಯಿತು. ಬೇಕೆಂದೇ ತಪ್ಪು ಕೊಟ್ಟ, ತೆರೆಯಲಿಲ್ಲ. ಕೆಲಸದ ನಡುವೆ ಪ್ಲಗ್ ಕಿತ್ತ. ಡಿಸ್ಕನ್ನು ಬಿಚ್ಚಿ ಪಕ್ಕದ ಕಂಪ್ಯೂಟರಿಗೆ ಜೋಡಿಸಿ, ಒಳಗೆ ಗಸಗಸೆಯೇ ಕಾಣುತ್ತದೆಂದು ಖಾತ್ರಿ ಮಾಡಿಕೊಂಡ. ಸರಿಯಾದ ಪಾಸ್‌ವರ್ಡಿಗೆ ಆ ಮಧ್ಯಾಹ್ನ ಅದು ಒಂಬತ್ತು ಸಲ ತೆರೆಯಿತು.

"ಇನ್ನು ಪೂವಪ್ಪನವರದ್ದು ಹಾಕಬಹುದಾ?" ಎಂದು ಮೇಡಂ ಕೇಳಿದರು.

ಕಂಪನಿಯಲ್ಲಿ ಅವನ ಮೇಲಿದ್ದ ಸುಹಾಸ ಸರ್ ಇಪ್ಪತ್ತು ವರ್ಷ ಒಂದೇ ಮಂತ್ರ ಹೇಳಿಕೊಟ್ಟಿದ್ದರು: "ಟೆಸ್ಟ್ ಕೀ ಮಶೀನ್ ಮೇ ಘರ್ ಕಾ ಸಾಮಾನ್ ನಹೀ ರಖನೇ ಕಾ." ಪರೀಕ್ಷೆಯ ಯಂತ್ರದಲ್ಲಿ ಮನೆ ಸಾಮಾನು ಇಡಬೇಡ. ಹೊಸ ಬೀಗವನ್ನು ಕನಿಷ್ಠ ಒಂದು ವಾರ ಬಿಟ್ಟು ಇನ್ನೊಮ್ಮೆ ತೆರೆದು ನೋಡಬೇಕೆಂಬುದೂ ಅವರದೇ ನಿಯಮ. ಆದರೆ ಒಂಬತ್ತು ಸಲ ತೆರೆದ ಬೀಗದ ಎದುರು, ಕಾನ್ವೆಂಟಿನ ಟೀಚರು ಮೆಚ್ಚಿ ನೋಡುತ್ತಿರುವಾಗ, ಯಾವ ಗಂಡಸಿಗೆ ನಿಯಮ ನೆನಪಾಗುತ್ತದೆ.

"ಹಾಕ್ಬಿಡಿ ಮೇಡಂ. ಬ್ಯಾಂಕ್ ಲಾಕರಿಗಿಂತ ಭದ್ರ."

ಬೀಗ ಹಾಕಿದವನು ಬೀಗಬಾರದು. ಮೇಡಂ ಧ್ವನಿಮುದ್ರಿಕೆಯನ್ನು ಯಂತ್ರಕ್ಕೆ ಹಾಕಿ, ಕೊಟ್ಟ ಮಾತಿನಂತೆ ಫೋನಿನಿಂದ ಅಳಿಸಿದರು. ಪೂವಪ್ಪ ಅದೇ ವಾರ ಕಾರ್ಕಳಕ್ಕೆ ಹೋದರು.

ಮುಂದಿನ ಭಾನುವಾರ ನಂಜುಂಡ ವಾಚನಾಲಯದ ಮೆಟ್ಟಿಲು ಹತ್ತುವಾಗ ಮೇಡಂ ಬಾಗಿಲಲ್ಲೇ ನಿಂತಿದ್ದರು. ಬೆಳಿಗ್ಗೆ ಕಾರ್ಕಳದಿಂದ ಪೂವಪ್ಪನವರ ಮಗಳ ಫೋನು ಬಂದಿತ್ತಂತೆ. ಊರು ತಲುಪಿದ ಎರಡೇ ದಿನಕ್ಕೆ ಲಕ್ವ ಹೊಡೆದಿದೆ, ಜೀವಕ್ಕೆ ಅಪಾಯವಿಲ್ಲ, ಮಾತು ಹೋಗಿದೆ. ಮತ್ತೆ ಬರುತ್ತದೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ಅಪ್ಪ ನಿಮ್ಮ ಹತ್ತಿರ ಏನೋ ಮಾತಾಡಿದ್ದಾರಂತಲ್ಲ, ಅದನ್ನು ಕಳಿಸಿಕೊಡಿ, ಮನೆಯಲ್ಲಿ ಅವರ ಸ್ವರ ಎಲ್ಲಿಯೂ ಇಲ್ಲ ಎಂದು ಮಗಳು ಕೇಳಿದ್ದಳು.

ನಂಜುಂಡ ಚಪ್ಪಲಿ ಬಿಡುವುದನ್ನೂ ಮರೆತು ಯಂತ್ರದ ಮುಂದೆ ಕೂತ. ಕಣ್ಣು ಮುಚ್ಚಿದ, ವಿಕ್ರೋಳಿಯಲ್ಲಿ ಹತ್ತಿದ, ಮಾಟುಂಗದಲ್ಲಿ ಇಳಿದ, ಗುಂಡಿ ಒತ್ತಿದ. ತೆರೆಯಲಿಲ್ಲ. ಬೆರಳು ಜಾರಿರಬೇಕೆಂದು ಇನ್ನೊಮ್ಮೆ ಹತ್ತಿ ಇಳಿದ. ಮೂರು ಸಲ ತಪ್ಪಾದ ಮೇಲೆ ಯಂತ್ರ ಕೈಚೆಲ್ಲಿತು. ಮತ್ತೆ ಶುರು ಮಾಡಿದ. ದೊಡ್ಡಕ್ಷರದಲ್ಲಿ ಒತ್ತಿದ. ನಡುವೆ ಜಾಗ ಬಿಟ್ಟು ಒತ್ತಿದ. ಮಾಟುಂಗದಿಂದ ವಿಕ್ರೋಳಿಗೆ, ಹಳೆಯ ದಿಕ್ಕಿನಲ್ಲಿ ಒತ್ತಿದ. ಬೇರೆ ಕೀಬೋರ್ಡು ತಂದು ಜೋಡಿಸಿದ. ಮಧ್ಯಾಹ್ನದ ಹೊತ್ತಿಗೆ ಅವನು ಮನಸ್ಸಿನಲ್ಲಿ ನಲವತ್ತು ಸಲ ಮಾಟುಂಗಕ್ಕೆ ಬಂದು, ನಲವತ್ತು ಸಲವೂ ಟಿಕೆಟ್ಟಿಲ್ಲದವನಂತೆ ಸಿಕ್ಕಿಬಿದ್ದಿದ್ದ.

ಪಕ್ಕದ ಕೋಣೆಯಲ್ಲಿ ಕ್ಯಾರಂ ಆಡುತ್ತಿದ್ದ ಸಂಗಪ್ಪ ಎದ್ದು ಬಂದರು. ಬೆಳಗಾವಿಯವರು, ದಾದರದ ಬಟ್ಟೆ ಅಂಗಡಿಯನ್ನು ಮಕ್ಕಳಿಗೆ ವಹಿಸಿ ಸಂಘಕ್ಕೆ ತಮ್ಮನ್ನು ವಹಿಸಿಕೊಂಡವರು.

"ಏನೋ ನಂಜುಂಡಪ್ಪಾ, ಬ್ಯಾಂಕಿನ ಲಾಕರ್ ತಗೀವಲ್ದೇನು?"

"ಸ್ವಲ್ಪ ಸುಮ್ನಿರಿ ಸಂಗಪ್ಪನವರೇ."

"ನಾ ಸುಮ್ನ ಇರ್ತೀನಿ ಬಿಡು. ಕಳ್ಳರಿಗೂ ಸಿಗಂಗಿಲ್ಲ, ಮನಿಯವರಿಗೂ ಸಿಗಂಗಿಲ್ಲ. ಅಂಥಾ ಬೀಗ ನಮ್ಮ ಅಜ್ಜಿ ತುಪ್ಪದ ಗಡಿಗಿಗೂ ಇದ್ದಿದ್ದಿಲ್ಲ."

ಶಾಮಲಾ ಮೇಡಂ ಬೈದಿದ್ದರೆ ನಂಜುಂಡನಿಗೆ ಸುಲಭವಾಗುತ್ತಿತ್ತು. ಅವರು ಪುಸ್ತಕದ ಕಪಾಟಿನ ಮುಂದೆ ನಿಂತು, ಒರೆಸಿದ್ದ ಪುಸ್ತಕವನ್ನೇ ಮತ್ತೆ ಒರೆಸಿದರು. ಮಗಳಿಗೆ ಏನು ಹೇಳಲಿ ಎಂದು ಕೊನೆಗೆ ಕೇಳಿದಾಗ ಅವನು ಬುಧವಾರದ ತನಕ ಸಮಯ ಕೇಳಿದ. ಪೂವಪ್ಪನವರ ಮಾತು ಎರಡು ಸಲ ಹೋಯಿತು, ಎರಡನೆಯ ಸಲ ನನ್ನ ಕೈಯಿಂದ ಎಂಬುದು ರೈಲಿನಲ್ಲಿ ಕೂತ ಮೇಲೆ ಅವನಿಗೆ ಹೊಳೆಯಿತು. ಘಾಟ್ಕೋಪರಿನ ತನಕ ಅವನು ಯಾರ ಮುಖವನ್ನೂ ನೋಡಲಿಲ್ಲ.

ಸೋಮವಾರ, ಮಂಗಳವಾರ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತ. ಹೆಂಡತಿ ಎರಡು ದಿನ ಸಹಿಸಿ ಮೂರನೆಯ ದಿನ ಬೆಳಿಗ್ಗೆ ಕೇಳಿದಳು.

"ಕಂಪನೀಲಿ ಹೀಗಾದ್ರೆ ಏನ್ ಮಾಡ್ತಿದ್ರಿ?"

"ಅವತ್ತು ಹೇಗೆ ಮಾಡಿದ್ವೋ ಹಾಗೇ ಇನ್ನೊಂದ್ಸಲ ಮಾಡ್ತಿದ್ವಿ. ಒಂದು ಕೂದಲೂ ಹೆಚ್ಚುಕಮ್ಮಿ ಇಲ್ದಂಗೆ. ಆಗ ತಪ್ಪು ತಾನಾಗೇ ಎದ್ದು ಬರತ್ತೆ."

"ಹಾಗಾದ್ರೆ ಅದನ್ನೇ ಮಾಡಿ. ಒಂದೇ ತಪ್ಪನ್ನ ಎರಡು ಸಲ ಮಾಡೋದು ನಿಮಗೇನು ಕಷ್ಟ."

ಬುಧವಾರ ನಂಜುಂಡ ಆ ಭಾನುವಾರದ ನೀಲಿ ಶರಟು ಹಾಕಿಕೊಂಡ. ಮಾಟುಂಗದಲ್ಲಿಳಿದು ಅದೇ ಹೋಟೆಲಿನಲ್ಲಿ, ಪೂವಪ್ಪನವರಿಲ್ಲದ ಅದೇ ಮೂಲೆ ಮೇಜಿನಲ್ಲಿ, ಒಂದು ರಸವಡೆ ಒಂದು ಕಾಫಿ ಮುಗಿಸಿದ. ಹಸಿವಿರಲಿಲ್ಲ, ಆದರೂ ತಿಂದ, ಅವತ್ತು ತಿಂದಿದ್ದನಲ್ಲ. ಅಲ್ಲಿ ಈಗ ಟೋಕನ್ನು ಬಂದಿದೆ, ಕೂಗುವವರಿಲ್ಲ, ಗೋಡೆಯ ಪರದೆಯ ಮೇಲೆ ನಂಬರು ಬರುತ್ತದೆ. ಒಂದು ಕಾಲಕ್ಕೆ ಆ ಹೋಟೆಲಿನಲ್ಲಿ ಕಣ್ಣು ಮುಚ್ಚಿ ಕೂತರೂ ಯಾರ ಮೇಜಿಗೆ ಏನು ಬಂತೆಂದು ಗೊತ್ತಾಗುತ್ತಿತ್ತು. ಈಗ ಕಣ್ಣು ತೆರೆದು ಕೂತರೂ ತನ್ನ ಕಾಫಿಯೇ ತಪ್ಪಿಹೋಗುತ್ತದೆ.

ವಾಚನಾಲಯದಲ್ಲಿ ಅದೇ ಕುರ್ಚಿ ಕೇಳಿ ಹಾಕಿಸಿಕೊಂಡ. "ಶರಟು ಸೈತ ಅದs ಏನು," ಎಂದು ಸಂಗಪ್ಪ ಮೂಸಿ ನೋಡುವವರಂತೆ ಬಾಗಿದರು. "ಒಗಿಸಿದ್ದರ ಲೆಕ್ಕಾ ತಪ್ಪತೈತಿ ನೋಡಪಾ."

ನಂಜುಂಡ ಹಾಳೆಯ ಮೊದಲ ಸಾಲಿನಿಂದ ಓದತೊಡಗಿದ. ಮೊದಲ ಸಾಲಿನಲ್ಲೇ ನಿಂತ.

"ಮೇಡಂ, ಆರಂಭ ಹನ್ನೊಂದು ಮೂವತ್ತೈದು ಅಂತ ಬರ್ದಿದೀನಿ. ನಾನು ಯಾವಾಗ್ಲೂ ಹತ್ತೂವರೆಗೆ ಶುರು ಮಾಡೋನಲ್ವಾ?"

"ಅವತ್ತು ನೀವು ತಡವಾಗಿ ಬಂದ್ರಿ. ಬಂದವರೇ ರೈಲಿಗೆ ಸಹಸ್ರನಾಮ ಮಾಡಿದ್ರಿ. ಮೆಗಾಬ್ಲಾಕ್ ಅಂತೆ."

ಮುಂಬಯಿಯಲ್ಲಿ ಭಾನುವಾರ ಹಳಿ ರಿಪೇರಿಯ ವಾರ. ಮೆಗಾಬ್ಲಾಕ್ ಇದ್ದಾಗ ಸ್ಲೋ ಗಾಡಿಯನ್ನು ಫಾಸ್ಟ್ ಹಳಿಗೆ ತಿರುಗಿಸುತ್ತಾರೆ. ಫಾಸ್ಟ್ ಹಳಿಗೆ ವಿದ್ಯಾವಿಹಾರದಲ್ಲಿ ಪ್ಲಾಟ್‌ಫಾರಂ ಇಲ್ಲ.

ನಂಜುಂಡನ ಕಣ್ಣ ಮುಂದೆ ಆ ಭಾನುವಾರದ ರೈಲಿನ ಡಬ್ಬಿ ಬಂತು. ಬಾಗಿಲಲ್ಲಿ ಸ್ಟೀಲ್ ಡಬ್ಬಾ ಚೀಲ ಹಿಡಿದು ಒಬ್ಬ ಹೆಂಗಸು, ವಿದ್ಯಾವಿಹಾರದಲ್ಲಿ ಇಳಿಯಬೇಕಾದವಳು. ಘಾಟ್ಕೋಪರ್ ಬಿಟ್ಟ ಮೇಲೆ ಗಾಡಿ ನಿಧಾನವಾಗದಿದ್ದಾಗ ಅವಳು, "ಅಹೋ, ಥಾಂಬಣಾರ್ ನಾಹೀ ಕಾ?" ಎಂದು ಇಡೀ ಡಬ್ಬಿಯನ್ನು ಕೇಳಿದ್ದಳು. ನಿಲ್ಲುವುದಿಲ್ಲವೇ ಎಂಬ ಆ ಪ್ರಶ್ನೆ ಮುಗಿಯುವಷ್ಟರಲ್ಲಿ ಅವಳ ಸ್ಟೇಷನ್ನು ಎರಡು ಹಳಿಯಾಚೆ ಹಾದುಹೋಗಿತ್ತು.

ಮೂವತ್ತಾರು ವರ್ಷ ಅವನು ಆಫೀಸಿಗೆ ಹೋದದ್ದು ವಾರದ ದಿನಗಳಲ್ಲಿ. ವಾರದ ದಿನ ಮೆಗಾಬ್ಲಾಕಿಲ್ಲ. ಅವನ ಬೆರಳುಗಳು ಎಂದೂ ಹಾಡಿನಂತೆ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡಿರಲಿಲ್ಲ. ಆಯಾ ಬೆಳಿಗ್ಗೆ ಬಂದ ದಾರಿಯನ್ನು ಬರೆದಿದ್ದವು, ಅಷ್ಟೆ. ಅವತ್ತು ಬಂದ ದಾರಿಯಲ್ಲಿ ವಿದ್ಯಾವಿಹಾರ ಇರಲಿಲ್ಲ. ಒಂಬತ್ತಕ್ಕೆ ಒಂಬತ್ತು ಸಲವೂ ಇರಲಿಲ್ಲ.

ಅವನು ಒತ್ತಿದ: ವಿಕ್ರೋಳಿ, ಘಾಟ್ಕೋಪರ್, ಕುರ್ಲಾ, ಸಾಯನ್, ಮಾಟುಂಗ. ಕಪ್ಪು ಪರದೆ ಒಂದು ಉಸಿರು ಹಿಡಿದು, ಬಿಟ್ಟಿತು. ತೆರೆಯಿತು.

ಬಿಟ್ಟುಹೋಗಿದ್ದದ್ದು ವಿದ್ಯಾವಿಹಾರ ಎಂದು ಅವನು ಹೇಳಿದಾಗ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ವಿದ್ಯೆಯೊಂದನ್ನ ಬಿಟ್ಟು ಬರೀ ವಿಹಾರ ಮಾಡಿ ಬಂದಿದ್ರಿ ಅನ್ನಿ," ಎಂದರು. ಅವನಿಗೆ ನಗು ಬರಲಿಲ್ಲ. ಹಾಳೆಯ ಮೂರನೆಯ ಕಾಲಂನಲ್ಲಿ, ಬರೆದಿದ್ದ 'ಪಾಸ್' ಅನ್ನು ಹೊಡೆದುಹಾಕಿ 'ಬೀಗ ಸರಿ, ಪರೀಕ್ಷಕ ನಾಪಾಸು' ಎಂದು ಬರೆದು ಸಹಿ ಹಾಕಿದ. ಪೂವಪ್ಪನವರ ಮುದ್ರಿಕೆಯನ್ನು ಮೊದಲು ಎರಡು ಪೆನ್‌ಡ್ರೈವಿಗೆ ಇಳಿಸಿದ. ಸ್ವರ ಕೆಟ್ಟಿಲ್ಲವೆಂದು ನೋಡಿ ಕಳಿಸಬೇಕಲ್ಲ, ಪೂವಪ್ಪ ಮುಂಬಯಿ ಬಿಟ್ಟೂ ಆಯಿತಲ್ಲ ಎಂದುಕೊಂಡು ಮೂವರೂ ಕೇಳುತ್ತ ಕೂತರು.

"...ಹದಿನಾಲ್ಕನೇ ವರ್ಷಕ್ಕೆ ಬಂದದ್ದು ನಾನು. ರಾತ್ರೆ ಮೇಜಿನ ಮೇಲೆಯೇ ಮಲಗುದು. ದೊಡ್ಡವರಿಗೆ ಅಗಲದ ಮೇಜು, ನಮಗೆ ಎರಡು ಬೆಂಚು ಸೇರ್ಸಿ. ನಡುವಿನ ಸಂದಿಗೆ ಬೀಳದ ಹಾಗೆ ಮಲಗ್ಲಿಕ್ಕೆ ಕಲಿಯುದೇ ಒಂದು ವರ್ಷ. ಧಣಿಗಳು ಜೋರು. ಅವರ ಹೆಂಡತಿ ಮಾತ್ರ, ಯಾರಿಗೂ ಹೇಳ್ಬೇಡಿ ಆಯ್ತಾ, ಆದಿತ್ಯವಾರ ನಮ್ಮ ಅನ್ನದ ಅಡಿಯಲ್ಲಿ ತುಪ್ಪ ಹಾಕಿ ಮೇಲೆ ಸಾರು ಬಡಿಸುದು, ಧಣಿಗಳಿಗೆ ಕಾಣದ ಹಾಗೆ..."

ಐವತ್ತೆರಡು ನಿಮಿಷ. ಗಿರಾಕಿಗಳ ವಿಷಯ ಬಂದಾಗ ನಂಜುಂಡ ಕುರ್ಚಿಯಲ್ಲಿ ನೆಟ್ಟಗಾದ. ಇಪ್ಪತ್ತು ವರ್ಷ ಮಾತೇ ಆಡದೆ ಕಾಫಿ ಕುಡಿದು, ಸಾಯುವಾಗ ತನ್ನ ಕೊಡೆಯನ್ನು ಪೂವಪ್ಪನಿಗೆ ಕೊಡಿ ಎಂದ ಗುಜರಾತಿ ಮುದುಕ ಬಂದ. ಮೂರು ಸಲ ಇಡ್ಲಿ ವಾಪಸು ಕಳಿಸಿದ ವಕೀಲ ಬಂದ. ಗೋಡೆಯ ಕ್ಯಾಲೆಂಡರು ಕದ್ದವನು ಬಂದ. ಆಮೇಲೆ ಮಾತು ಹಾಲಿನವರ ಕಡೆಗೆ ಹೊರಳಿತು, ಹಾಲಿನಿಂದ ಮಗಳ ಮದುವೆಗೆ, ಮದುವೆಯಿಂದ ಊರಿಗೆ. ಮುಗಿಯಿತು.

ಸಂಗಪ್ಪ ಈ ಸಲ ತಮಾಷೆ ಮಾಡಲಿಲ್ಲ. "ನಿನ್ನ ಹೆಸರು ಬರಲಿಲ್ಲಲ್ಲೋ," ಎಂದಷ್ಟೇ ಅಂದರು.

"ಇಲ್ಲ." ನಂಜುಂಡನಿಗೆ ಎಲ್ಲೋ ಸಣ್ಣಗೆ ಚುಚ್ಚಿತ್ತು, ಅದು ಮುಖಕ್ಕೆ ಬರುವ ಮೊದಲೇ ಅವನು ನಕ್ಕುಬಿಟ್ಟ. "ಸಪ್ಲೈಯರಿಗೆ ಗಿರಾಕಿ ಸಾವಿರ, ಸಂಗಪ್ಪನವರೇ. ಗಿರಾಕಿಗೆ ಸಪ್ಲೈಯರ್ ಒಬ್ಬನೇ."

ಮುದ್ರಿಕೆ ಕಾರ್ಕಳಕ್ಕೆ ಹೋಯಿತು. ಅರ್ಧ ಗಂಟೆಯಲ್ಲಿ ಮಗಳ ಉತ್ತರ ಬಂತು. ಅಪ್ಪ ಕೇಳುತ್ತಿದ್ದಾರೆ, ತುಪ್ಪದ ಜಾಗಕ್ಕೆ ಬಂದಾಗ ಎಡಗೈ ಎತ್ತಿ ನಿಲ್ಲಿಸಲು ಹೇಳಿದರು, ಮತ್ತೆ ಅಲ್ಲಿಂದಲೇ ಹಾಕಲು ಹೇಳಿದರು ಎಂದು ಬರೆದಿದ್ದಳು. ಮೇಡಂ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಫೋನು ಕೆಳಗಿಟ್ಟ ಮೇಲೆ ಅವರ ಮುಖ ಮತ್ತೆ ಲೆಕ್ಕದ ಟೀಚರದ್ದಾಯಿತು.

"ನಂಜುಂಡ ಅವರೇ, ಈ ಬೀಗಕ್ಕೆ ಒಂದೇ ಕೀಲಿನಾ?"

"ಇಲ್ಲ, ಬೇರೆ ಬೇರೆ ಪಾಸ್‌ವರ್ಡ್ ಇಡಬಹುದು. ಯಾವುದು ಕೊಟ್ಟರೂ ತೆರೆಯತ್ತೆ."

"ಮತ್ತೆ ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

ಅವನ ಹತ್ತಿರ ಉತ್ತರವಿತ್ತು, ಹೇಳುವಂಥದ್ದಾಗಿರಲಿಲ್ಲ. ಆರು ಸ್ಟೇಷನ್ನು ಅವನಿಗೆ ಯಾರೋ ಪ್ರೀತಿಯಿಂದ ಕೊಟ್ಟದ್ದು. ಆ ಬಾಗಿಲಿಗೆ ಇನ್ನೊಬ್ಬರು ಕೀಲಿ ಹಾಕುವುದು ಅವನಿಗೆ ಬೇಕಿರಲಿಲ್ಲ. ಅವನು ಎರಡನೆಯ ಪಾಸ್‌ವರ್ಡು ಕೇಳುವ ಜಾಗವನ್ನು ತೆರೆದು, ಕುರ್ಚಿ ಬಿಟ್ಟುಕೊಟ್ಟ.

"ನೀವು ನೋಡಬಾರದು."

"ನೋಡಲ್ಲ ಮೇಡಂ."

ಅವನು ಬೆನ್ನು ತಿರುಗಿಸಿ ಕಿಟಕಿಯ ಕಡೆ ನಿಂತ. ಮೇಡಂ ಎರಡೇ ಬೆರಳಲ್ಲಿ, ಒಂದೊಂದೇ ಗುಂಡಿ ಹುಡುಕಿ ಒತ್ತುತ್ತಿದ್ದರು. ಅಭ್ಯಾಸಬಲದಿಂದ ಅವನ ಕಿವಿ ಅದನ್ನು ಎಣಿಸತೊಡಗಿತು. ಹನ್ನೊಂದನೆಯದಕ್ಕೆ ಅವನಿಗೆ ತನ್ನ ಕಿವಿಯ ಮೇಲೆ ನಾಚಿಕೆಯಾಯಿತು. ಪಕ್ಕದ ಕೋಣೆಗೆ ಹೋಗಿ, ಕ್ಯಾರಂಗೆ ಮರಳಿದ್ದ ಸಂಗಪ್ಪನವರ ಎದುರು ಕೂತು, ಬೋರ್ಡಿನ ಮೇಲೆ ಪೌಡರು ಉದುರಿಸಿದ.